ಡ್ರಾಯರು ತೊಟ್ಟ ಬಳೆ

ಜೂನ್ ೪

ಅಪ್ಪಾ,

ನಾನು ಚೆನ್ನಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನೀನು ಕಾಗದವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೀಯ. ಫೋನಿನಲ್ಲಿ ನಿನ್ನ ಹತ್ತಿರ ಮಾತಾಡುವುದೂ ಒಂದೇ, ಗೋಡೆಯ ಹತ್ತಿರ ಮಾತಾಡುವುದೂ ಒಂದೇ. "ಹೂಂ, ಸರಿ, ಇಡ್ಲಾ?" ಇಷ್ಟರಲ್ಲಿ ಮುಗಿಯಿತು. ಪೆನ್ನು ಕೈಗೆ ಬಂದರೆ ಮಾತ್ರ ನೀನು ಮನುಷ್ಯನ ಹಾಗೆ ಮಾತಾಡುತ್ತೀಯ, ಅದಕ್ಕೇ ಈ ಕಾಗದ.

ಕೋಣೆ ಮಹಡಿಯ ಮೇಲಿದೆ. ಕಿಟಕಿ ತೆಗೆದರೆ ಬಸ್‌ಸ್ಟಾಪು, ಮುಚ್ಚಿದರೆ ಒಲೆಯ ಕಾವು. ಮನೆಯೊಡತಿ ಕೆಳಗೆ ಇರುತ್ತಾರೆ, ನಾನು ಅವರನ್ನು ಕೆಳಗಿನಮ್ಮ ಎಂದು ಕರೆಯುತ್ತೇನೆ. ಒಳ್ಳೆಯವರೇ, ಆದರೆ ನನ್ನ ಚಪ್ಪಲಿಯ ಸದ್ದು ಕೇಳಿಯೇ ಇವತ್ತು ಎಷ್ಟು ಹೊತ್ತಿಗೆ ಬಂದೆ ಎಂದು ಹೇಳಬಲ್ಲರು. ಕನ್ನಡಕದ ಅಂಗಡಿಯ ಯಜಮಾನರು ನನಗೆ ಒಳಮೇಜು ಕೊಟ್ಟಿದ್ದಾರೆ. ಫ್ರೇಮಿಗೆ ಗಾಜು ಕೂರಿಸುವುದು, ಸಾಸಿವೆಗಿಂತ ಸಣ್ಣ ಸ್ಕ್ರೂ ಬಿಗಿಯುವುದು, ಮೂಗಿನ ಮೇಲೆ ಕೂರುವ ಪ್ಯಾಡು ಸರಿಮಾಡುವುದು, ಎಲ್ಲ ಅಲ್ಲೇ. ವರ್ಷದ ಕೊನೆಯವರೆಗೆ ನನ್ನ ಕೈ ನೋಡುತ್ತಾರಂತೆ, ಆಮೇಲೆ ಆ ಮೇಜು ನನ್ನದೋ ಅಲ್ಲವೋ ಹೇಳುತ್ತಾರಂತೆ. ನಾನು ಮನೆ ಬಿಟ್ಟು ಬಂದದ್ದೇ ಆ ಮೇಜಿಗಾಗಿ ಎಂದು ನಿನಗೆ ಗೊತ್ತಲ್ಲ.

ಒಂದು ತಮಾಷೆ ಕೇಳು. ಕೋಣೆಯ ಮೇಜಿನ ಡ್ರಾಯರಿಗೆ ಬಳೆಯೇ ಇಲ್ಲ! ಗುಂಡಗಿನ ಹಿತ್ತಾಳೆ ಗುಬಟು, ಬೆರಳಲ್ಲಿ ಚಿವುಟಿ ಎಳೆಯಬೇಕು. ಕೆಳಗಿನಮ್ಮನಿಗೆ, "ಇದರ ಬಳೆ ಎಲ್ಲಿ ಹೋಯ್ತು?" ಎಂದು ಕೇಳಿದೆ. ನಮ್ಮ ಮನೆಯಲ್ಲಿ ಎಲ್ಲ ಡ್ರಾಯರಿಗೂ ಬೀರುವಿಗೂ ಬಟ್ಟೆಯ ಬಳೆ ಕಟ್ಟಿರುತ್ತದೆ, ಅದರೊಳಗೆ ಕೈ ತೂರಿಸಿ ಮಣಿಕಟ್ಟಿನಿಂದ ಎಳೆದರೆ ಆಯಿತು ಎಂದು ವಿವರಿಸಿದೆ. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. "ಮೇಜಿಗೆ ಬಳೆ ತೊಡಿಸೋ ಮನೆ ಇದೆ ಅಂತ ಇವತ್ತೇ ಕೇಳಿದ್ದು ಕಣೇ!" ಎಂದರು. ಗೆಳತಿಯರ ಮನೆಗಳಲ್ಲೂ ಇರಲಿಲ್ಲ, ನಿಜ. ಅವರ ಬಡಗಿ ಸೋಮಾರಿ ಎಂದುಕೊಂಡಿದ್ದೆ.

ಬೆರಳು ಯಾಕೋ ಸ್ವಲ್ಪ ನೋಯುತ್ತಿದೆ. ಹೊಸ ಕೆಲಸ, ಸಣ್ಣ ಸ್ಕ್ರೂ, ಪಳಗಬೇಕು. ನೀನು ಚಿಂತೆ ಹಚ್ಚಿಕೊಳ್ಳಬೇಡ.

ಇತಿ,
ನಿನ್ನ ಚಿಲಕ


ಜೂನ್ ೧೨

ಚಿಲಕಕ್ಕೆ ಅಪ್ಪನ ಆಶೀರ್ವಾದ.

ನಾನು ಗೋಡೆ, ಒಪ್ಪಿದೆ. ಗೋಡೆ ಇದ್ದರೇನೇ ಬಾಗಿಲು ನಿಲ್ಲುವುದು, ಅದನ್ನೂ ತಿಳಿದುಕೋ. ಬಾಗಿಲು ತೆಗೆಯಲು ಬರದ ವಯಸ್ಸಿನಲ್ಲೇ ಅದರ ಚಿಲಕಕ್ಕೆ ಜೋತುಬೀಳುತ್ತಿದ್ದವಳು ಈಗ ನನಗೆ ಬುದ್ಧಿ ಹೇಳುತ್ತೀಯ.

ಮೂಲೆಮನೆಯವನು ಮೊನ್ನೆ ಜಗಳಕ್ಕೆ ಬಂದಿದ್ದ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟಿದ್ದೇನಂತೆ. "ಅದರೊಳಗೆ ಇರುವೆ ಮೆರವಣಿಗೆ ಹೋಗ್ತಿದೆ ಕಣಯ್ಯಾ" ಅಂದ. ಮರ ಒಣಗಿದೆ, ಈಗ ಬಿಗಿಯಾಗಿ ಕೂರಿಸಿದರೆ ಮಳೆ ಹಿಡಿದಾಗ ಉಬ್ಬಿ ಕಚ್ಚಿಕೊಳ್ಳುತ್ತದೆ, ಆಗ ನೀನೇ ಬಾಗಿಲು ಒದೆಯುತ್ತೀಯ ಅಂದೆ. ನಂಬಲಿಲ್ಲ. ಮಳೆಗಾಲ ಬರಲಿ, ಅದೇ ಅವನಿಗೆ ಉತ್ತರ ಹೇಳುತ್ತದೆ. ಬೆಕ್ಕು ಮರದ ಹೊಟ್ಟಿನ ಗುಡ್ಡೆಯಲ್ಲಿ ಮರಿ ಹಾಕಿದೆ. ನನ್ನನ್ನೇ ಗುರುಗುಟ್ಟಿ ಹೊರಗೆ ಅಟ್ಟುತ್ತದೆ.

ಬೆರಳು ನೋಯುತ್ತದೆ ಅಂದೆ. ಯಾವ ಬೆರಳು? ಬಲಗೈಯೋ ಎಡಗೈಯೋ, ಇಲ್ಲ ಎರಡೂ ಒಟ್ಟಿಗೆಯೋ? ಬೆಳಿಗ್ಗೆ ಎದ್ದಾಗ ಮುಷ್ಟಿ ಮುಚ್ಚಲು ಆಗುತ್ತದೆಯೇ? ಬಿಸಿಲೇರಿದ ಮೇಲೆ ಸಡಿಲವಾಗುತ್ತದೆಯೇ? ಉಂಗುರದ ಬೆರಳಿನ ನಡುಗೆಣ್ಣು ಕೆಂಪಾಗಿಲ್ಲ ತಾನೇ? ಸುಮ್ಮನೆ ಕೇಳಿದೆ.

ಬೆಳಿಗ್ಗೆ ಬೆಚ್ಚಗಿನ ನೀರಿನಲ್ಲಿ ಕೈಯಿಡು. ಸುಡುವ ನೀರು ಬೇಡ. ಬೆರಳು ಎಳೆದು ನೆಟಿಕೆ ಮುರಿಯಬೇಡ. ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಂಡಬೇಡ, ನಲ್ಲಿಯ ಕುತ್ತಿಗೆಗೆ ಸುತ್ತಿ ತಿರುಚು, ನೀರು ತಾನಾಗಿ ಇಳಿಯುತ್ತದೆ. ಡ್ರಾಯರಿಗೆ ಹಳೆ ದುಪ್ಪಟ್ಟಾದಲ್ಲಿ ಒಂದು ಬಳೆ ಕಟ್ಟಿಕೋ. ಯಾರು ನಕ್ಕರೆ ನಿನಗೇನು.

ಇತಿ,
ಅಪ್ಪ


ಜುಲೈ ೯

ಅಪ್ಪಾ,

ಸುಮ್ಮನೆ ಕೇಳಿದೆಯಂತೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನಿನ್ನ ಕಾಗದ. ಹೌದು, ಉಂಗುರದ ಬೆರಳೇ. ಹೌದು, ನಡುಗೆಣ್ಣೇ. ಎರಡು ಕೈಯಲ್ಲೂ, ಕೆಂಪಗೆ. ಬೆಳಿಗ್ಗೆ ಮುಷ್ಟಿ ಮುಚ್ಚುವುದಿಲ್ಲ, ಬಿಸಿಲೇರಿದ ಮೇಲೆ ಒಂದಿಷ್ಟು ಸಡಿಲ. ಇವನ್ನೆಲ್ಲ ನಾನು ನಿನಗೆ ಬರೆದೇ ಇರಲಿಲ್ಲ. ನಿನಗೆ ಹೇಗೆ ಗೊತ್ತಾಯಿತು?

ಈಗ ಮಂಡಿಗೂ ಇಳಿದಿದೆ. ಮೆಟ್ಟಿಲು ಇಳಿಯುವಾಗ ಕಂಬಿಗೆ ಮೊಣಕೈ ಊರಿ ಅಡ್ಡಡ್ಡ ಇಳಿಯುತ್ತೇನೆ. ನೋಡಿದರೆ ಎಮ್ಮೆಯ ಹಾಗೆ ಗಟ್ಟಿಮುಟ್ಟಾಗಿದ್ದೇನೆ, ಅದೇ ಕಷ್ಟ. ಬಸ್ಸಿನಲ್ಲಿ ಕೂತಿದ್ದರೆ ಮುದುಕರು ಗುರಾಯಿಸುತ್ತಾರೆ. "ನಿನ್ನ ವಯಸ್ಸಿನಲ್ಲಿ ನಾವು ಕಲ್ಲು ತಿಂದು ಕಲ್ಲು ಅರಗಿಸ್ಕೊಳ್ತಿದ್ವಿ" ಎಂದು ಒಬ್ಬರು ಬೈದರು. ಎದ್ದು ನಿಂತೆ. ಇಳಿಯುವವರೆಗೂ ಕಣ್ಣಲ್ಲಿ ನೀರು ತುಂಬಿಕೊಂಡೇ ಇತ್ತು.

ಕೊನೆಗೆ ಆಸ್ಪತ್ರೆಗೆ ಹೋದೆ. ರಕ್ತ ತೆಗೆದರು, ಎಕ್ಸ್‌ರೇ ಮಾಡಿದರು. ಎಲ್ಲ ಸರಿಯಿದೆಯಂತೆ. ಡಾಕ್ಟರಮ್ಮ ಕಾಗದ ತಿರುವಿ ತಿರುವಿ ನೋಡಿ, "ಏನೂ ಕಾಣಿಸ್ತಿಲ್ವಲ್ಲಮ್ಮಾ" ಎಂದರು, ಕಾಣಿಸದಿದ್ದುದು ನನ್ನದೇ ತಪ್ಪು ಎನ್ನುವ ಹಾಗೆ. ನೋವಿಗೆ ಮಾತ್ರೆ ಬರೆದುಕೊಟ್ಟು, ಆಮೇಲೆ ಕೇಳಿದರು: "ಮನೇಲಿ ಯಾರಿಗಾದ್ರೂ ಹೀಗೆ ಇತ್ತಾ? ನಿಮ್ಮ ತಾಯಿಗೆ?"

ನಾನು ಇಲ್ಲ ಎಂದೆ. ಥಟ್ಟನೆ ಎಂದೆ. ಹೊರಗೆ ಬಂದ ಮೇಲೆ ಯೋಚಿಸಿದರೆ ನನಗೆ ಗೊತ್ತೇ ಇಲ್ಲವಲ್ಲ! ಅಮ್ಮ ಜ್ವರ ಬಂದು ಹೋದಳು ಎಂದು ಹೇಳಿದ್ದೀಯ. ಅದಕ್ಕೆ ಮೊದಲು ಹೇಗಿದ್ದಳು ಎಂದು ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅವಳ ಮಾತು ಬಂದರೆ ನಿನಗೆ ಯಾವುದೋ ಹಲಗೆ ನೆನಪಾಗಿ ಎದ್ದು ಹೋಗುತ್ತಿದ್ದೆ.

ನೀನು ಹೇಳಿದ ಹಾಗೆ ಬೆಳಿಗ್ಗೆ ಬೋಗುಣಿಯಲ್ಲಿ ಬೆಚ್ಚಗಿನ ನೀರಿಟ್ಟು ಕೈ ಮುಳುಗಿಸಿದೆ. ಮುಳುಗಿಸಿದ ಕೂಡಲೇ ನೆನಪಾಯಿತು. ನಮ್ಮ ಅಡಿಗೆಮನೆಯ ಸ್ಟೂಲಿನ ಮೇಲೆ ದಿನಾ ಬೆಳಿಗ್ಗೆ ಹೀಗೇ ಒಂದು ಬೋಗುಣಿ ಇರುತ್ತಿತ್ತಲ್ಲ? ಹಬೆಯಾಡುತ್ತಿತ್ತು. ಯಾರೂ ಮುಟ್ಟುತ್ತಿರಲಿಲ್ಲ. ನಾನು ಕಾಗದದ ದೋಣಿ ಬಿಡುತ್ತಿದ್ದೆ, ಆರಿದ ಮೇಲೆ ನೀನು ಗಿಡಕ್ಕೆ ಚೆಲ್ಲುತ್ತಿದ್ದೆ. ಎಲ್ಲರ ಮನೆಯಲ್ಲೂ ಬೆಳಗಾದರೆ ನೀರು ಇಡುತ್ತಾರೆ ಎಂದೇ ನಾನು ದೊಡ್ಡವಳಾದೆ.

ಆ ನೀರು ಯಾರಿಗಪ್ಪಾ?

ಇತಿ,
ಚಿಲಕ


ಜುಲೈ ೨೦

ಮಗಳೇ,

ಕಾಗದ ಮುಟ್ಟಿತು. ಬೆಕ್ಕಿನ ಮರಿಗಳು ಕಣ್ಣು ಬಿಟ್ಟಿವೆ. ಒಂದು ನನ್ನ ಕೀಸುಳಿಯ ಮೇಲೆ ಮಲಗುತ್ತದೆ, ಅದನ್ನು ಎಬ್ಬಿಸಿ ಕೆಲಸ ಶುರುಮಾಡುವಷ್ಟರಲ್ಲಿ ಅರ್ಧ ಬೆಳಗು ಕಳೆದುಹೋಗುತ್ತದೆ.

ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಬೇಡ. ನೀನು ಕೇಳಿದ್ದನ್ನು ಓದಿದೆ. ಇಲ್ಲಿ ಮಳೆ ಹಿಡಿದಿದೆ, ಕಿಟಕಿಗಳ ಕೆಲಸ ಬಾಕಿ ಬಿದ್ದಿದೆ, ಕೂತು ಬರೆಯಲು ಪುರುಸೊತ್ತಿಲ್ಲ. ಕೈ ತೀರಾ ಕಷ್ಟವಾದರೆ ಬಂದುಬಿಡು. ಇಲ್ಲಿ ಎಲ್ಲ ಹಾಗೇ ಇಟ್ಟಿದ್ದೇನೆ.

ಅಪ್ಪ


ಆಗಸ್ಟ್ ೨೮

ಅಪ್ಪಾ,

ಪುರುಸೊತ್ತಿಲ್ಲದವನಿಗೆ ಬೆಕ್ಕಿನ ಮರಿಯ ಕಥೆ ಬರೆಯಲು ಪುರುಸೊತ್ತಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನಿನ್ನಿಂದ ಕಲಿಯಬೇಕು. ಕೋಪ ಬಂದು ಇಷ್ಟು ದಿನ ನಾನೂ ಬರೆಯಲಿಲ್ಲ. ಈಗ ಕೋಪವೂ ಇಲ್ಲ, ಬರೀ ಹೆದರಿಕೆ ಇದೆ.

ಅಂಗಡಿಯಲ್ಲಿ ಒಂದು ಎಡವಟ್ಟಾಯಿತು. ಒಬ್ಬ ಗಿರಾಕಿಯ ಹೊಸ ಗಾಜು ಕೂರಿಸಿ ಸ್ಕ್ರೂ ತಿರುಗಿಸುತ್ತಿದ್ದೆ. ಬೆರಳು ಅಲ್ಲೇ ಕಚ್ಚಿಕೊಂಡಿತು, ಬಿಡಿಸಲು ಹೋದರೆ ಸ್ಕ್ರೂಡ್ರೈವರ್ ಜಾರಿ ಗಾಜಿನ ಮೇಲೆ ಉದ್ದಕ್ಕೆ ಗೀರಿತು. ಯಜಮಾನರು ಒಳ್ಳೆಯ ಮನಸ್ಸಿನಲ್ಲಿದ್ದರು, ಬೈಯಲಿಲ್ಲ. "ರಾತ್ರಿ ನಿದ್ದೆ ಮಾಡಿಲ್ವಾ? ಯಾವ ಮಹಾರಾಯನ ಹತ್ರ ಫೋನಲ್ಲಿ ಮಾತು?" ಎಂದರು. ನಾನು ನಾಚಿದ ಹಾಗೆ ನಕ್ಕೆ. ನೋಡು ನನ್ನ ಗತಿ, ಕೀಲುನೋವು ಎಂದು ಹೇಳುವುದಕ್ಕಿಂತ ಯಾವನೋ ಹುಡುಗನಿದ್ದಾನೆ ಎಂದುಕೊಳ್ಳಲಿ ಎನಿಸಿತು. ಹುಡುಗ ಎಂದರೆ ನಂಬುತ್ತಾರೆ, ನೋವು ಎಂದರೆ ರಿಪೋರ್ಟು ಕೇಳುತ್ತಾರೆ. ಆದರೂ ನನ್ನನ್ನು ಒಳಮೇಜಿನಿಂದ ಎಬ್ಬಿಸಿ ಮುಂದಿನ ಕೌಂಟರಿಗೆ ಕಳಿಸಿದ್ದಾರೆ. "ಸ್ವಲ್ಪ ದಿನ ಅಷ್ಟೇ" ಎಂದಿದ್ದಾರೆ.

ಕೌಂಟರಿನಲ್ಲಿ ಗಿರಾಕಿಗಳಿಗೆಂದು ಒಂದು ಕನ್ನಡಿ ಇದೆ. ಮೊನ್ನೆ ಮಳೆಗೆ ಯಾರೂ ಇರಲಿಲ್ಲ. ತಲೆಯೆತ್ತಿ ನೋಡಿದೆ. ಕನ್ನಡಿಯಲ್ಲಿ ನಿಂತಿದ್ದವಳು ನಾನಲ್ಲ ಅನ್ನಿಸಿತು. ಬೆರಳಿಗೆ ಕಾವು ಸಿಗಲಿ ಎಂದು ಎರಡೂ ಕೈಗಳನ್ನು ಶಾಲಿನೊಳಗೆ ಕಂಕುಳಿಗೆ ಸೇರಿಸಿ, ಭುಜ ಸ್ವಲ್ಪ ಮುಂದೆ ಬಾಗಿಸಿ ನಿಂತಿದ್ದೆ. ನಮ್ಮ ನಡುಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ಅಮ್ಮ ನಿಂತಿರುವುದು ಹೀಗೇ. ಶಾಲೂ ಹಾಗೇ, ಭುಜವೂ ಹಾಗೇ. ಇನ್ನೊಂದು ಫೋಟೋ ನನ್ನ ಪೆಟ್ಟಿಗೆಯಲ್ಲಿದೆ, ನಾನು ಅವಳ ತೊಡೆಯ ಮೇಲೆ ಕೂತಿರುವುದು. ಅಂಗಡಿ ಮುಚ್ಚಿದ ಕೂಡಲೇ ಕೋಣೆಗೆ ಬಂದು ತೆಗೆದು ನೋಡಿದೆ. ಅದರಲ್ಲಿ ಅವಳ ಕೈಗಳು ನನ್ನ ಫ್ರಾಕಿನ ಅಡಿಯಲ್ಲಿವೆ.

ಇಷ್ಟು ವರ್ಷ ನಾನು ಅಮ್ಮನ ಮುಖ ನೋಡಿದ್ದೇನೆ. ಕೈ ಒಂದು ಸಲವೂ ನೋಡಿಲ್ಲ.

ಆಮೇಲೆ ಒಂದೊಂದೇ ನೆನಪಾಯಿತು. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿದರೆ ನಿನಗೆ ಮೂಗಿನ ತುದಿಯಲ್ಲಿ ಕೋಪ. ನಮ್ಮ ನಲ್ಲಿಗೆ ತಿರುಪಿಲ್ಲ, ನೀನು ಹಾಕಿದ ಉದ್ದನೆಯ ಮರದ ಹಿಡಿ ಇದೆ, ಮೊಣಕೈಯಲ್ಲಿ ತಳ್ಳಬಹುದು. ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿಯಲು ಕಲಿಸಿದವನು ನೀನು. ಅಂಗಿಯ ಗುಂಡಿ ಹಾಕಲು ತಂತಿಯ ಕೊಕ್ಕೆ ಕೊಟ್ಟವನು ನೀನು. ಶಾಲೆಯಲ್ಲಿ ಟೀಚರು, "ಇದೇನೇ, ಮೀನು ಹಿಡಿಯೋಕೆ ಬಂದ್ಯಾ?" ಎಂದಾಗ ಇಡೀ ಕ್ಲಾಸು ನಕ್ಕಿತ್ತು. ನಾನು ಅತ್ತುಕೊಂಡು ಬಂದರೂ ನೀನು ಆ ಕೊಕ್ಕೆ ಬಿಡಿಸಲಿಲ್ಲ, ಅದೊಂದು ಆಟ ಎಂದೆ. ನಿನ್ನ ಕೈಗಳಿಗೆ ಏನೂ ಆಗಿಲ್ಲ ಅಪ್ಪಾ, ಉಳಿ ಹಿಡಿದರೆ ಕಬ್ಬಿಣ. ಇವೆಲ್ಲ ನಿನಗೆ ಬೇಕಾದವಲ್ಲ.

ನಮ್ಮ ಮನೆಯನ್ನು ಯಾರದೋ ಕೈಯ ಅಳತೆಗೆ ಹೊಲಿದಿದ್ದೀಯ. ನಾನು ಅದನ್ನು ತೊಟ್ಟುಕೊಂಡೇ ಬೆಳೆದೆ. ಈಗ ಅದು ನನಗೆ ಸರಿಯಾಗಿ ಕೂರುತ್ತಿದೆ.

ಒಂದೇ ಮಾತು ಕೇಳುತ್ತೇನೆ, ಹಲಗೆ ನೆನಪಾಯಿತೆಂದು ಎದ್ದು ಹೋಗಬೇಡ. ಅಮ್ಮ ಇದರಿಂದಲೇ ಸತ್ತಳಾ? ನನಗೂ ಹಾಗೇ ಆಗುತ್ತದಾ?

ಚಿಲಕ


ಅಕ್ಟೋಬರ್ ೨

ಅಪ್ಪಾ,

ಸೆಪ್ಟೆಂಬರ್ ಪೂರ್ತಿ ಕಾದೆ. ಫೋನು ಮಾಡಿದರೆ "ಬರೀತೀನಿ" ಎನ್ನುತ್ತೀಯ, ಇಡುತ್ತೀಯ. ಸುತ್ತಿಗೆಯ ಸದ್ದೂ ಕೇಳಿಸುವುದಿಲ್ಲ, ಅಂದರೆ ಕೆಲಸವನ್ನೂ ಮಾಡುತ್ತಿಲ್ಲ.

ಬೆಳಿಗ್ಗೆ ಬೋಗುಣಿಯಲ್ಲಿ ಕೈ ಮುಳುಗಿಸಿದಾಗ ಆ ನೀರಿನಲ್ಲಿ ಇನ್ನೆರಡು ಕೈ ಇವೆ ಎನಿಸುತ್ತದೆ. ಹುಚ್ಚು ಎನ್ನು. ಕಣ್ಣು ಮುಚ್ಚಿದರೆ ಅವು ನನ್ನ ಕೈಯ ಪಕ್ಕದಲ್ಲೇ, ಅಲ್ಲಾಡದೆ ಇರುತ್ತವೆ. ಹೆದರಿಕೆಯಾಗುತ್ತದೆ. ಆದರೂ ನೀರು ತಣ್ಣಗಾಗುವವರೆಗೆ ಕೈ ತೆಗೆಯಲು ಮನಸ್ಸು ಬರುವುದಿಲ್ಲ. ಆಮೇಲೆ ಇಡೀ ದಿನ ಯಾರೂ ಇರುವುದಿಲ್ಲವಲ್ಲ.

ಯಜಮಾನರು ಒಳಮೇಜಿಗೆ ಬೇರೆಯವರನ್ನು ನೋಡಬೇಕು ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ನನಗೆ ಕೇಳಿಸಿತು ಎಂದು ಅವರಿಗೆ ಗೊತ್ತಿಲ್ಲ.

ಬರೆಯಲು ಆಗದಿದ್ದರೆ ಲಕೋಟೆಯಲ್ಲಿ ಖಾಲಿ ಕಾಗದ ಹಾಕಿ ಕಳಿಸು. ಹೌದು ಎಂದು ತಿಳಿದುಕೊಳ್ಳುತ್ತೇನೆ. ಗಂಟು ಕಟ್ಟಿಕೊಂಡು ಮನೆಗೆ ಬರುತ್ತೇನೆ.

ನಿನ್ನ ಮಗಳು


ಅಕ್ಟೋಬರ್ ೧೫

ನನ್ನ ಚಿಲಕ,

ಖಾಲಿ ಕಾಗದವನ್ನೇ ಮಡಚಿ ಲಕೋಟೆಗೆ ಹಾಕಿದ್ದೆ. ಅಂಟು ಹಚ್ಚುವಾಗ ಅನ್ನಿಸಿತು, ಇದು ಸುಳ್ಳಾಗುತ್ತದಲ್ಲ. ಅದಕ್ಕೆ ತೆಗೆದು ಅದೇ ಕಾಗದದಲ್ಲಿ ಬರೆಯುತ್ತಿದ್ದೇನೆ.

ಇಲ್ಲ ಮಗಳೇ. ನಿನ್ನ ಅಮ್ಮ ಆ ನೋವಿನಿಂದ ಸಾಯಲಿಲ್ಲ. ಜ್ವರದಲ್ಲೇ ಹೋದಳು. ಆ ವರ್ಷ ಆ ಜ್ವರ ಬೀದಿಗೊಬ್ಬರನ್ನು ಎತ್ತಿಕೊಂಡು ಹೋಯಿತು, ಕೈಕಾಲು ಗಟ್ಟಿ ಇದ್ದವರನ್ನೂ ಬಿಡಲಿಲ್ಲ. ನಾನು ನಿನಗೆ ಹೇಳಿದ್ದು ನಿಜ. ಅದರ ಹಿಂದಿನದನ್ನು ಹೇಳಲಿಲ್ಲ, ಅಷ್ಟೇ.

ಅವಳು ಹೊಲಿಗೆ ಹಾಕುತ್ತಿದ್ದಳು. ನಿನ್ನಷ್ಟೇ ವಯಸ್ಸು. ಒಂದು ಸಂಜೆ ನಾನು ಕೆಲಸ ಮುಗಿಸಿ ಬಂದರೆ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು, ಬೀಗದ ಕೈ ಬೀಗದಲ್ಲೇ ಇತ್ತು. "ತಿರುಗಿಸೋಕೆ ಆಗ್ತಿಲ್ಲ ರೀ. ಕೈ ನನ್ನ ಮಾತು ಕೇಳ್ತಿಲ್ಲ" ಎಂದು ನಕ್ಕಳು. ನಕ್ಕು ನಕ್ಕು ಅತ್ತಳು. ಮೊದಲು ಉಂಗುರದ ಬೆರಳು, ಆಮೇಲೆ ಉಳಿದವು, ಆಮೇಲೆ ಮಂಡಿ. ಡಾಕ್ಟರುಗಳು ಆಗಲೂ ಎಲ್ಲ ಸರಿಯಿದೆ ಎಂದೇ ಹೇಳಿದರು. ಆಸ್ಪತ್ರೆಯಿಂದ ಬಂದು, "ಎಲ್ಲಾ ಸರಿಯಿದ್ಯಂತೆ. ಸರಿ, ಆ ಬೀರು ಎಲ್ಲಿಡಬೇಕು ಹೇಳಿ, ಎತ್ತಿಡ್ತೀನಿ" ಎನ್ನುತ್ತಿದ್ದಳು. ನೆಂಟರು ಅವಳನ್ನು ರಾಣಿ ಎಂದು ಆಡಿಕೊಳ್ಳುತ್ತಿದ್ದರು, ಕೆಲಸಗಳ್ಳಿ ಎಂದು. ಅದಕ್ಕೇ ಫೋಟೋ ತೆಗೆಯುವಾಗ ಕೈ ಮುಚ್ಚಿಕೊಳ್ಳುತ್ತಿದ್ದಳು. ಬೆರಳು ಸ್ವಲ್ಪ ಸೊಟ್ಟಗಾಗಿದ್ದವು. ನನಗೇನೂ ಕೆಟ್ಟದಾಗಿ ಕಾಣುತ್ತಿರಲಿಲ್ಲ.

ಬಳೆ ಅವಳದೇ ಉಪಾಯ. ಮಣಿಕಟ್ಟು ಊದಿ ಕೈಬಳೆ ತೆಗೆದಿಟ್ಟಿದ್ದಳು. "ನಾನು ತೊಡೋಕಾಗದ ಬಳೆ ಡ್ರಾಯರಾದ್ರೂ ತೊಡ್ಲಿ" ಎಂದು ಹೊಲಿಗೆಯ ಚೂರುಗಳಲ್ಲಿ ಹೊಲಿದಳು. ಅಷ್ಟನ್ನೂ ಒಂದೇ ಸಲ ಅಲ್ಲ, ಕೈ ಚೆನ್ನಾಗಿದ್ದ ದಿನ ಒಂದೊಂದು. ಚೆನ್ನಾಗಿದ್ದ ದಿನಗಳೂ ಇದ್ದವು, ಅದನ್ನು ನೀನು ಚೆನ್ನಾಗಿ ಕೇಳಿಸಿಕೋ. ನಿನ್ನನ್ನು ಹೆತ್ತಳು, ಎತ್ತಿ ಆಡಿಸಿದಳು. ಬೆರಳು ಬಿಗಿದ ದಿನ ನಿನ್ನನ್ನು ಮೊಣಕೈಗಳ ಮೇಲೆ ಎತ್ತುತ್ತಿದ್ದಳು.

ಜ್ವರ ಏರಿದಾಗ ನನ್ನನ್ನು ಕರೆದು ಹೇಳಿದಳು. "ಮಗೂಗೆ ನನ್ನ ಕೈ ವಿಷ್ಯ ಹೇಳ್ಬೇಡಿ. ಹೇಳಿದ್ರೆ ದಿನಾ ಬೆಳಿಗ್ಗೆ ಎದ್ದು ತನ್ನ ಬೆರಳು ನೋಡ್ಕೋತಾಳೆ. ಬರದೇ ಇರೋ ನೋವಿಗೂ ಕಾಯ್ತಾ ಕೂರ್ತಾಳೆ. ಆದ್ರೆ ಬಳೆ ಬಿಚ್ಚಬೇಡಿ. ಬೇಡದಿದ್ರೆ ಆಟ ಅಂದ್ಕೋತಾಳೆ. ಬೇಕಾದ್ರೆ, ಅಭ್ಯಾಸ ಇರುತ್ತೆ."

ಮಾತು ಕೊಟ್ಟೆ. ನೀನು ಕಾಯಲಿಲ್ಲ, ನಾನು ಕಾದೆ. ನೀನು ಲೋಟ ಬೀಳಿಸಿದರೆ ಇಡೀ ದಿನ ನಿನ್ನ ಕೈಯನ್ನೇ ನೋಡುತ್ತಿದ್ದೆ. ನೀನು ಬರೆಯುವಾಗ ಪೆನ್ಸಿಲು ಕೆಳಗಿಟ್ಟರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಬೋಗುಣಿಯ ನೀರು ಕೇಳಿದೆಯಲ್ಲ. ಮೊದಲು ಅವಳಿಗೆ ಇಡುತ್ತಿದ್ದೆ. ಅವಳು ಹೋದ ಮೇಲೆ ಕೈ ರೂಢಿಗೆ ಇಟ್ಟಿತು. ಆಮೇಲೆ ನಿನಗೆ ಇಟ್ಟೆ. ಒಂದು ದಿನ ನೀನು ಎದ್ದುಬಂದು ಏನೂ ಹೇಳದೆ ಅದರಲ್ಲಿ ಕೈಯಿಟ್ಟುಕೊಂಡು ಕೂರುತ್ತೀಯೇನೋ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ನೀನು ದೋಣಿ ಬಿಟ್ಟ ದಿನವೆಲ್ಲ ನನಗೆ ಹಬ್ಬ.

ನೀನು ಅಂಗಡಿಗೆ ಸೇರುತ್ತೇನೆ ಎಂದು ಹೊರಟಾಗ, ಇನ್ನು ಆ ನೋವು ಬರುವುದಿಲ್ಲ, ಬಚಾವಾದಳು ಎಂದುಕೊಂಡೆ. ಜೂನಿನ ನಿನ್ನ ಕಾಗದದಲ್ಲಿ ಬೆರಳು ಎಂಬ ಮಾತು ಓದಿ ಉಳಿ ಕೆಳಗಿಟ್ಟೆ. ಕೆಲವು ದಿನ ಎತ್ತಿಕೊಳ್ಳಲೇ ಇಲ್ಲ. ಈಗಲೂ ಬೆಳಗಾದರೆ ನೀರು ಇಡುತ್ತೇನೆ. ಅವಳಿಗೋ ನಿನಗೋ ನನಗೇ ಗೊತ್ತಿಲ್ಲ.

ಈ ಕಾಗದದ ಜೊತೆ ಬಟ್ಟೆಯಲ್ಲಿ ಸುತ್ತಿ ಒಂದು ಮರದ ಹಿಡಿ ಕಳಿಸಿದ್ದೇನೆ. ಅದರ ತುದಿಯ ಸೀಳಿನಲ್ಲಿ ಬೀಗದ ಕೈ ಸಿಕ್ಕಿಸಿದರೆ ಅಂಗೈಯಿಂದಲೇ ತಿರುಗಿಸಬಹುದು. ಅವಳು ಮೆಟ್ಟಿಲ ಮೇಲೆ ಕೂತ ದಿನವೇ ಮಾಡಿಕೊಟ್ಟದ್ದು. ನಾನು ಮಾಡಿದಾಗ ನುಣ್ಣಗೆ ಇತ್ತು, ಮೆತ್ತನೆಯ ಮರ. ಅದರಲ್ಲಿರುವ ಗುಳಿಗಳು ನಾನು ಕೊರೆದವಲ್ಲ, ಅವಳು ಹಿಡಿದು ಹಿಡಿದು ಆದವು.

ಅವಳಿಗೆ ಕೊಟ್ಟ ಮಾತು ಇವತ್ತು ಮುರಿದೆ. ಡಾಕ್ಟರಮ್ಮನಿಗೆ ಹೋಗಿ ಹೇಳು, ತಾಯಿಗೆ ಇತ್ತು ಎಂದು.

ಅಪ್ಪ


ನವೆಂಬರ್ ೧೯

ಅಪ್ಪಾ,

ನಿನ್ನ ಕಾಗದವನ್ನು ನಾನೂ ಕೆಳಗಿನಿಂದ ಮೇಲಕ್ಕೆ ಓದಿದೆ. ಎಲ್ಲಾದರೂ ಹೋಗುತ್ತದೆಯೇ ನಿನ್ನ ರಕ್ತ. ಒಂದು ದಿನ ಪೂರ್ತಿ ಅತ್ತೆ. ಕೆಳಗಿನಮ್ಮ ಚಪ್ಪಲಿಯ ಸದ್ದು ಕೇಳಿಸಲಿಲ್ಲವೆಂದು ಮೇಲೆ ಬಂದರು, ಪಕ್ಕದಲ್ಲಿ ಕೂತರು. ನಾನೇ ಎಲ್ಲ ಹೇಳಿದೆ.

ಆಸ್ಪತ್ರೆಗೆ ಹೋಗಿ, "ತಾಯಿಗೆ ಇತ್ತು" ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮೊದಲ ಸಲ ನನ್ನ ಕೈ ಮುಟ್ಟಿ ನೋಡಿದರು, ಒಂದೊಂದು ಗೆಣ್ಣನ್ನೂ. ರಿಪೋರ್ಟು ಈಗಲೂ ಸರಿಯಾಗಿಯೇ ಇದೆ. ಕಾಯಿಲೆಯ ಹೆಸರು ಅವರಿಗೂ ಇನ್ನೂ ಗೊತ್ತಿಲ್ಲ, ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟಿದ್ದಾರೆ. "ಹೆಸರು ಸಿಗೋದು ತಡ ಆಗ್ಬಹುದು. ಅಲ್ಲೀವರೆಗೂ ನೀನು ನೋವು ತಿನ್ಕೊಂಡು ಕೂರೋದು ಬೇಡ" ಎಂದು ಔಷಧಿ ಬದಲಾಯಿಸಿದರು. ಬೆಳಗಿನ ಹೊತ್ತು ಒಂದಿಷ್ಟು ಹಗುರವಾಗಿದೆ. ಒಂದಿಷ್ಟೇ. ಮೊನ್ನೆ ಚಳಿಗೆ ಮತ್ತೆ ಮುಷ್ಟಿ ಮುಚ್ಚಲಿಲ್ಲ. ಇವತ್ತು ಪರವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಯಜಮಾನರಿಗೂ ಹೇಳಿದೆ. ಹುಡುಗನೂ ಇಲ್ಲ ಗಿಡುಗನೂ ಇಲ್ಲ, ಕೀಲುನೋವು ಎಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಮೊದಲೇ ಬಾಯಿ ಬಿಟ್ಟು ಹೇಳೋಕೇನು ಧಾಡಿ? ನಾನು ನಿನಗೆ ಮದುವೆ ಊಟದ ಲೆಕ್ಕ ಹಾಕ್ತಿದ್ದೆ" ಎಂದರು. ಒಳಮೇಜು ಇನ್ನೂ ನನ್ನದು ಎಂದೇನೂ ಹೇಳಿಲ್ಲ. ಸ್ಕ್ರೂ ಅವರು ಹಾಕುತ್ತಾರೆ. ಗಾಜಿನ ನಂಬರು ಪರೀಕ್ಷಿಸುವುದು, ಗುರುತು ಹಾಕುವುದು ನನಗೆ ಬಿಟ್ಟಿದ್ದಾರೆ. ವರ್ಷದ ಕೊನೆಗೆ ನೋಡೋಣ ಎಂದಿದ್ದಾರೆ. ಅಂಗಡಿಯ ಡ್ರಾಯರುಗಳಿಗೆಲ್ಲ ಬಳೆ ಕಟ್ಟಿದೆ. ಮೊದಲ ದಿನ ನಕ್ಕರು. ಈಗ ಎರಡು ಕೈಯಲ್ಲೂ ಫ್ರೇಮು ಹಿಡಿದುಕೊಂಡು ಮಣಿಕಟ್ಟಿನಲ್ಲೇ ಡ್ರಾಯರು ಎಳೆಯುತ್ತಾರೆ. ಕೆಳಗಿನಮ್ಮ ತಮ್ಮ ಬೀರುವಿಗೂ ಒಂದು ಕೇಳಿದ್ದಾರೆ, ನೀಲಿ ಬಣ್ಣದ್ದೇ ಆಗಬೇಕಂತೆ.

ನೀನು ಕೊಟ್ಟ ಮಾತು ಮುರಿದದ್ದಕ್ಕೆ ಅಮ್ಮನಿಗೆ ಕೋಪ ಬಂದಿಲ್ಲ. ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ಬೋಗುಣಿಯಲ್ಲಿ ಆ ಕೈಗಳು ಈಗಲೂ ಇರುತ್ತವೆ. ಅವು ಯಾರವು ಎಂದು ಗೊತ್ತಾದ ಮೇಲೆ ಹೆದರಿಕೆ ಹೋಯಿತು, ಅವು ಹೋಗಲಿಲ್ಲ. ನೀರು ಇಡುವುದನ್ನು ನೀನೂ ನಿಲ್ಲಿಸಬೇಡ. ಆದರೆ ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದು ಸಾಕು. ನಾನು ಬರುವವರೆಗೆ ಅದರಲ್ಲಿ ನಿನ್ನ ಕೈ ಇಡು.

ಇನ್ನು ಆ ಹಿಡಿ. ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಹಿಡಿದೆ. ನಾಲ್ಕು ಬೆರಳೂ ನಾಲ್ಕು ಗುಳಿಗಳಲ್ಲಿ ಹೋಗಿ ಕೂತವು, ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ. ಹೆಬ್ಬೆರಳಿನ ಗುಳಿ ಮಾತ್ರ ಸ್ವಲ್ಪ ಆಚೆಗಿದೆ, ಒಳಗೆ ತಿರುಗಿಕೊಂಡಿದೆ. ನನ್ನ ಹೆಬ್ಬೆರಳು ಅಷ್ಟು ಬಾಗುವುದಿಲ್ಲ. ಇನ್ನೂ ಬಾಗಿಲ್ಲ.

ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಅಮ್ಮನ ಫೋಟೋದ ಜೊತೆ ಇಟ್ಟಿದ್ದೇನೆ. ಅದು ಅವಳದು. ಈ ಕಾಗದದ ಹಿಂಬದಿಯಲ್ಲಿ ನನ್ನ ಬಲಗೈ ಇಟ್ಟು ಸುತ್ತ ಗೀಟು ಎಳೆದಿದ್ದೇನೆ. ಉಂಗುರದ ಬೆರಳಿನ ಹತ್ತಿರ ಗೀಟು ಸ್ವಲ್ಪ ನಡುಗಿದೆ, ಕ್ಷಮಿಸು. ಉಳಿ ಎತ್ತಿಕೋ ಅಪ್ಪಾ. ಇದರ ಅಳತೆಗೆ ನನಗೊಂದು ಮಾಡಿ ಕಳಿಸು.

ಬಿಗಿಯಾಗಿ ಮಾಡಬೇಡ. ನೀನು ಬಾಗಿಲಿಗೆ ಬಿಡುತ್ತೀಯಲ್ಲ, ಮಳೆಗಾಲಕ್ಕೆಂದು, ಅಷ್ಟು ಜಾಗ ಬಿಟ್ಟು ಮಾಡು.

ಇತಿ,
ನಿನ್ನ ಚಿಲಕ